ಕ್ಯಾಥರೀನ್ ಡನ್‌ಹಮ್ ನೆಲೆನಿಂತ ಊರು



ಅಮೆರಿಕದ ನಡುಭಾಗದಲ್ಲಿ ಮಿಸಿಸಿಪಿ ನದಿ ಹರಿಯುತ್ತದೆ. ಅದರ ಪಶ್ಚಿಮದ ದಡದಲ್ಲಿ ಸೇಂಟ್ ಲೂಯಿಸ್ ನಗರವಿದೆ. ಪೂರ್ವದ ದಡದಲ್ಲಿ ಈಸ್ಟ್ ಸೇಂಟ್ ಲೂಯಿಸ್. ಹೆಸರು ಕೇಳಿದರೆ ಒಂದೇ ಊರಿನ ಎರಡು ಭಾಗ ಅನ್ನಿಸುತ್ತದೆ. ಹಾಗಲ್ಲ. ನದಿಯ ನಡುವೆ ರಾಜ್ಯದ ಗಡಿ ಹಾದುಹೋಗುತ್ತದೆ. ಆಚೆ ಮಿಸೌರಿ, ಈಚೆ ಇಲಿನಾಯ್. ಆಡಳಿತ ಬೇರೆ, ಖಜಾನೆ ಬೇರೆ, ಹಣೆಬರಹವೂ ಬೇರೆ.

1967ರಲ್ಲಿ ಈ ಪೂರ್ವ ದಡದ ಊರಿಗೆ ಕ್ಯಾಥರೀನ್ ಡನ್‌ಹಮ್ ಬಂದು ನೆಲೆಸಿದರು. ಆಗ ಅವರಿಗೆ 58ರ ಆಸುಪಾಸು. ಕಪ್ಪು ಜನಾಂಗದ ಈ ನರ್ತಕಿಯ ಹೆಸರು ಲೋಕಕ್ಕೆಲ್ಲ ಗೊತ್ತಿತ್ತು. ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ಗಳ ರಂಗಮಂದಿರಗಳನ್ನು ತುಂಬಿಸಿದ್ದವರು ಅವರು. ಹಾಲಿವುಡ್ ಸಿನಿಮಾದಲ್ಲಿ ಕುಣಿದವರು. ಹೈಟಿ ದೇಶದಲ್ಲಿ ಅವರಿಗೆ ಗಿಡಮರ ತುಂಬಿದ ದೊಡ್ಡ ತೋಟದ ಮನೆಯಿತ್ತು. ಅಲ್ಲಿಗೆ ಹೋಗಿ ಹಾಯಾಗಿ ಇರಬಹುದಿತ್ತು. ಅವರು ಆರಿಸಿಕೊಂಡದ್ದು ಕಾರ್ಖಾನೆಗಳು ಮುಚ್ಚುತ್ತಿದ್ದ, ಜನ ಗಂಟುಮೂಟೆ ಕಟ್ಟುತ್ತಿದ್ದ ಈ ಬಡ ಊರನ್ನು. ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ಅವರ ಊರು.

ಇಂಥ ಬದುಕನ್ನು ವಿವರಿಸುವಾಗ, ರಂಗ ಬಿಟ್ಟು ಸಮಾಜಸೇವೆಗೆ ಬಂದರು ಎಂದು ಹೇಳಿ ಮುಗಿಸುವುದು ಸುಲಭ. ಡನ್‌ಹಮ್ ವಿಷಯದಲ್ಲಿ ಆ ಮಾತು ಸರಿಯಲ್ಲ. ಅವರು ಕುಣಿತವನ್ನು ಬಿಡಲೇ ಇಲ್ಲ. ಅದನ್ನೇ ಹೊತ್ತುಕೊಂಡು ಆ ಊರಿಗೆ ಬಂದರು. ಅದನ್ನೇ ಇಟ್ಟುಕೊಂಡು ಊರಿನ ಮುಂದಾಳಾದರು. ಇವತ್ತಿನ ಮಾತು ಇದರ ಬಗ್ಗೆ.

ಮೊದಲು ಅವರ ಬಾಲ್ಯ.

ಡನ್‌ಹಮ್ ಹುಟ್ಟಿದ್ದು 1909ರ ಜೂನ್‌ನಲ್ಲಿ, ಇಲಿನಾಯ್ ರಾಜ್ಯದಲ್ಲೇ. ಎಳವೆಯಲ್ಲೇ ತಾಯಿ ತೀರಿಕೊಂಡರು. ತಂದೆ ಆಲ್ಬರ್ಟ್ ಬಟ್ಟೆ ಹೊಲಿಯುವವರು. ಆಮೇಲೆ ಜೋಲಿಯಟ್ ಎಂಬ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಡ್ರೈಕ್ಲೀನಿಂಗ್ ಅಂಗಡಿ ಇಟ್ಟರು. ಮಲತಾಯಿ ಶಾಲೆಯಲ್ಲಿ ಪಾಠ ಹೇಳಿದ್ದವರು, ಮಕ್ಕಳನ್ನು ಅಕ್ಕರೆಯಿಂದ ಬೆಳೆಸಿದರು. ತಂದೆಯದು ಮುಂಗೋಪ. ಮನೆಯಲ್ಲಿ ನೆಮ್ಮದಿ ಕಡಿಮೆ. ಅಣ್ಣ ಓದಿನಲ್ಲಿ ಬಹಳ ಚುರುಕು. ತಂಗಿಯನ್ನು ವಿಶ್ವವಿದ್ಯಾಲಯದ ಬಾಗಿಲಿಗೆ ಕರೆತಂದವರು ಅವರೇ.

ಜೋಲಿಯಟ್‌ನ ಒಂದು ಘಟನೆ ಇಲ್ಲಿ ಹೇಳಲೇಬೇಕು. ಕ್ಯಾಥರೀನ್‌ಗೆ ಆಗ 15 ವರ್ಷ. ಅವರ ಮನೆಯವರು ಹೋಗುತ್ತಿದ್ದ ಮೆಥಡಿಸ್ಟ್ ಚರ್ಚಿಗೆ ಹಣ ಬೇಕಾಗಿತ್ತು. ಹಣ ಕೂಡಿಸಲು ಆ ಹುಡುಗಿ ಒಂದು ಮನರಂಜನೆಯ ಕಾರ್ಯಕ್ರಮ ಹೊಂದಿಸಿದಳು. ಅದಕ್ಕೆ 'ಬ್ಲೂ ಮೂನ್ ಕೆಫೆ' ಎಂದು ಹೆಸರಿಟ್ಟಳು. ಹಾಡು, ಕುಣಿತ, ವೇಷ ಎಲ್ಲವೂ ಇತ್ತು. ಸಾರ್ವಜನಿಕರ ಮುಂದೆ ಆಕೆ ಮೊದಲ ಸಲ ಕುಣಿದದ್ದು ಅಲ್ಲೇ. ಗಮನಿಸಿ ಕೇಳುಗರೇ. ಆಕೆಯ ಮೊದಲ ಪ್ರದರ್ಶನ ಹತ್ತು ಜನರ ಕೆಲಸಕ್ಕಾಗಿ ನಡೆದದ್ದು. ಕುಣಿತ ಮತ್ತು ನೆರೆಹೊರೆ ಎರಡೂ ಆಗಲೇ ಒಂದಾಗಿದ್ದವು.

ಆಮೇಲೆ ಶಿಕಾಗೊ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಡನ್‌ಹಮ್ ಓದಿದ್ದು ಮಾನವಶಾಸ್ತ್ರ. ಗುರುಗಳು ರಾಬರ್ಟ್ ರೆಡ್‌ಫೀಲ್ಡ್. ಓದಿನ ಜೊತೆಗೇ ಬ್ಯಾಲೆ ಕಲಿತರು, ಮಕ್ಕಳಿಗೆ ಕುಣಿತ ಹೇಳಿಕೊಟ್ಟರು, ಸಣ್ಣ ತಂಡ ಕಟ್ಟಿದರು. ಆ ಕಾಲದಲ್ಲಿ ಕಪ್ಪು ಹುಡುಗಿಯೊಬ್ಬಳು ಬ್ಯಾಲೆ ಆಡುತ್ತೇನೆ ಎಂದರೆ ನಗುವವರೇ ಹೆಚ್ಚು. ಕರಿಯರ ಕುಣಿತ ಎಂದರೆ ಹಾಸ್ಯಕ್ಕೆ, ಕುಚೇಷ್ಟೆಗೆ ಎಂದು ರಂಗಭೂಮಿ ತೀರ್ಮಾನಿಸಿಬಿಟ್ಟಿತ್ತು. ಅದರ ಬೇರು ಎಲ್ಲಿದೆ, ಅದರ ಹಿಂದೆ ಯಾವ ಬದುಕಿದೆ ಎಂದು ಕೇಳಿದವರು ಕಡಿಮೆ. ಡನ್‌ಹಮ್ ಅದನ್ನೇ ಕೇಳಿದರು.

ಸಂಶೋಧನೆಗೆ ಹಣ ಬೇಕಲ್ಲ? ಶಿಕಾಗೊದ ರೋಸೆನ್‌ವಾಲ್ಡ್ ನಿಧಿಗೆ ಅರ್ಜಿ ಹಾಕಿದರು. ಸಂದರ್ಶನದಲ್ಲಿ ಹಿರಿಯರು ಸಾಲಾಗಿ ಕುಳಿತಿದ್ದಾರೆ. ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ತೋರಿಸಲೇ ಎಂದರು ಡನ್‌ಹಮ್. ಮೇಲೆ ತೊಟ್ಟಿದ್ದ ಉಣ್ಣೆಯ ಉಡುಪು ತೆಗೆದರು. ಒಳಗೆ ಕುಣಿತದ ಉಡುಪು ಸಿದ್ಧವಾಗಿತ್ತು. ಮೊದಲು ಬ್ಯಾಲೆಯ ಕೆಲವು ನಡೆಗಳನ್ನು ಮಾಡಿ ತೋರಿಸಿದರು. ನೀವು ಕಲಿಸುವುದು ಇದು ಎಂದರು. ಆಮೇಲೆ ಆಫ್ರಿಕದ ಕುಣಿತ ಕುಣಿದರು. ನಾನು ಹುಡುಕಬೇಕೆಂದಿರುವುದು ಇದು ಎಂದರು. ಹಣ ಮಂಜೂರಾಯಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚರ್ಚಿಗಾಗಿ ಕುಣಿದ ಹುಡುಗಿ ಮಾನವಶಾಸ್ತ್ರ ಓದಿದರು. ಕುಣಿತದ ಬೇರು ಹುಡುಕಲು ಹೊರಟರು. ಆ ಹುಡುಕಾಟದಲ್ಲಿ ಸಿಕ್ಕಿದ್ದೇನು ಎಂಬುದು ಈಗ ನೋಡಬೇಕಾದ ವಿಷಯ. ಮೂವತ್ತು ವರ್ಷದ ನಂತರ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಅವರಿಗೆ ಒದಗಿದ್ದು ಅದೇ.

1935ರಲ್ಲಿ ಡನ್‌ಹಮ್ ಹಡಗು ಹತ್ತಿದರು. ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಹೋದರು. ಜಮೈಕ, ಮಾರ್ಟಿನಿಕ್, ಟ್ರಿನಿಡಾಡ್, ಹೈಟಿ. ಆಫ್ರಿಕದಿಂದ ಗುಲಾಮರಾಗಿ ತಂದವರ ಮಕ್ಕಳು ಮರಿಮಕ್ಕಳು ಬಾಳುವ ನಾಡುಗಳು ಇವು.

ಜಮೈಕದ ಬೆಟ್ಟಗಳಲ್ಲಿ ಅಕಾಂಪಾಂಗ್ ಎಂಬ ಹಳ್ಳಿಯಿದೆ. ಅಲ್ಲಿರುವವರು ಮರೂನರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿ, ಇಂಗ್ಲಿಷರ ಸೇನೆಯ ಜೊತೆ ಕಾದಾಡಿ ಒಪ್ಪಂದ ಮಾಡಿಕೊಂಡವರ ಸಂತತಿ. ಅವರ ಹಳೆಯ ಯುದ್ಧದ ಕುಣಿತ ನೋಡಬೇಕು ಎಂಬುದು ಡನ್‌ಹಮ್ ಆಸೆ. ಕೇಳಿದಾಗಲೆಲ್ಲ ಜನ ಮಾತು ಮರೆಸಿದರು. ಈಗ ಯಾರೂ ಅದನ್ನು ಕುಣಿಯುವುದಿಲ್ಲ ಎಂದರು. ಡನ್‌ಹಮ್ ಅವಸರ ಮಾಡಲಿಲ್ಲ. ಅವರ ಜೊತೆ ಇದ್ದರು, ಅವರ ಕೆಲಸಬೊಗಸೆ ನೋಡಿದರು, ಕೂತು ಮಾತಾಡಿದರು. ಹಳ್ಳಿ ಬಿಡುವ ಕಾಲ ಹತ್ತಿರ ಬಂದಾಗ ಆ ಕುಣಿತ ನಡೆಯಿತು. ಹೊರಗಿನಿಂದ ಬಂದ ಈ ಹೆಣ್ಣುಮಗಳು ನಿಂತು ಟಿಪ್ಪಣಿ ಬರೆದುಕೊಂಡು ಸುಮ್ಮನಾಗಲಿಲ್ಲ. ತಾವೂ ಸೇರಿ ಕುಣಿದರು. ಈ ಅನುಭವದ ಮೇಲೆ 1946ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಮಾರ್ಟಿನಿಕ್‌ನಲ್ಲಿ ಇನ್ನೊಂದು ಸಿಕ್ಕಿತು. ಅದರ ಹೆಸರು ಅಗ್ಯಾ. ಡೋಲಿನ ತಾಳಕ್ಕೆ ಇಬ್ಬರು ಗಂಡಸರು ಎದುರುಬದುರು ನಿಂತು ಕಾದುವುದು. ಜಿಗಿತ, ಒದೆತ, ತಪ್ಪಿಸಿಕೊಳ್ಳುವುದು, ಹೊಂಚುಹಾಕುವುದು. ಕುಣಿತವೂ ಹೌದು, ಕಾದಾಟವೂ ಹೌದು. ಡೋಲು ಬಾರಿಸುವವನೇ ಕಾದಾಟವನ್ನು ಏರಿಸುತ್ತಾನೆ, ಇಳಿಸುತ್ತಾನೆ. ಕೇಳುಗರು ಈ ಅಗ್ಯಾವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಹೈಟಿ ಅವರ ಮನಸ್ಸಿಗೆ ಅತಿ ಹತ್ತಿರವಾಯಿತು. ಅಲ್ಲಿನ ವೊಡೂನ್ ಧರ್ಮದಲ್ಲಿ ದೇವರು ಮೈಮೇಲೆ ಬರುವುದುಂಟು. ಒಂದೊಂದು ದೈವಕ್ಕೆ ಒಂದೊಂದು ತಾಳ, ಒಂದೊಂದು ಹೆಜ್ಜೆ. ಡನ್‌ಹಮ್ ಅಲ್ಲಿ ದೀಕ್ಷೆಯನ್ನೇ ಪಡೆದರು. ಕುಣಿತ ಎಂಬುದು ಅಲ್ಲಿನ ಜನಕ್ಕೆ ಬಿಡುವಿನ ವೇಳೆಯ ಹವ್ಯಾಸ ಆಗಿರಲಿಲ್ಲ. ಊರನ್ನು ಒಟ್ಟಿಗೆ ಹಿಡಿದಿಟ್ಟದ್ದು ಅದು. ಎಲ್ಲವನ್ನೂ ಕಳೆದುಕೊಂಡವರಿಗೆ ಉಳಿದ ಆಸ್ತಿ ಅದು. ಡನ್‌ಹಮ್ ಬದುಕಿನಲ್ಲಿ ಕಲಿತ ದೊಡ್ಡ ಪಾಠ ಇದೇ ಎಂಬುದು ನನ್ನ ನಂಬಿಕೆ.

ಹೀಗೆ, ಕುಣಿತದ ಬೇರು ಸಿಕ್ಕಿತು. ಅದು ರಂಗದ ಮೇಲೆ ಹೇಗೆ ಬಂತು? ಈ ಭಾಗವನ್ನು ಬೇಗ ಹೇಳಿಬಿಡುತ್ತೇನೆ.

1938ರಲ್ಲಿ ಶಿಕಾಗೊದಲ್ಲಿ ಅಗ್ಯಾವನ್ನೇ ಹೂರಣವಾಗಿಟ್ಟ ನೃತ್ಯನಾಟಕ ಬಂತು. 1940ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ 'ಕ್ಯಾಬಿನ್ ಇನ್ ದ ಸ್ಕೈ' ಸಂಗೀತನಾಟಕ. 1943ರಲ್ಲಿ 'ಸ್ಟಾರ್ಮಿ ವೆದರ್' ಸಿನಿಮಾ. ಅದೇ ವರ್ಷ 'ಟ್ರಾಪಿಕಲ್ ರೆವ್ಯೂ' ಎಂಬ ಪ್ರದರ್ಶನ. ವಿನ್ಯಾಸಕಾರ ಜಾನ್ ಪ್ರ್ಯಾಟ್ ಅವರನ್ನು ಮದುವೆಯಾದರು. ಪ್ರ್ಯಾಟ್ ಬಿಳಿಯರು. ಕಪ್ಪು-ಬಿಳಿ ಮದುವೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆಗ ಅಪರಾಧ. ತಂಡದ ಉಡುಪು, ರಂಗಸಜ್ಜಿಕೆ ಎಲ್ಲವೂ ಪ್ರ್ಯಾಟ್ ಅವರದೇ. ತಂಡ ಐವತ್ತಕ್ಕೂ ಹೆಚ್ಚು ದೇಶ ಸುತ್ತಿತು. ಸರ್ಕಾರದ ನೆರವಿಲ್ಲದೆ, ಟಿಕೆಟ್ ಹಣದಲ್ಲೇ ಬದುಕಿತು. ನ್ಯೂಯಾರ್ಕಿನಲ್ಲಿ ಡನ್‌ಹಮ್ ಶಾಲೆಯನ್ನೂ ನಡೆಸಿದರು. ಅಲ್ಲಿ ಕುಣಿತದ ಜೊತೆ ನಾಟಕ, ಭಾಷೆ, ಮಾನವಶಾಸ್ತ್ರದ ಪಾಠಗಳಿದ್ದವು. ಗಾಯಕಿ ಅರ್ಥಾ ಕಿಟ್ ಬೆಳೆದದ್ದು ಅಲ್ಲಿ. ನಟ ಮರ್ಲಾನ್ ಬ್ರ್ಯಾಂಡೊ ಡೋಲು ಬಾರಿಸಲು ಹೋಗುತ್ತಿದ್ದದ್ದು ಅಲ್ಲಿಗೆ.

ಅವರ ಕುಣಿತ ನೋಡಲು ಹೇಗಿರುತ್ತಿತ್ತು? ರೇಡಿಯೊದಲ್ಲಿ ತೋರಿಸುವಂತಿಲ್ಲ, ಹೇಳುತ್ತೇನೆ. ಬೆನ್ನು ಬ್ಯಾಲೆಯವರಂತೆ ನೆಟ್ಟಗೆ. ಮೊಣಕಾಲು ಸಡಿಲ. ಪಾದ ನೆಲವನ್ನು ಒತ್ತಿ ಹಿಡಿಯುತ್ತದೆ. ತಲೆ, ಭುಜ, ಎದೆಗೂಡು, ಸೊಂಟ ಒಂದೊಂದೂ ತನ್ನಷ್ಟಕ್ಕೆ ಚಲಿಸುತ್ತದೆ. ಭುಜ ಒಂದು ತಾಳದಲ್ಲಿ, ಸೊಂಟ ಇನ್ನೊಂದು ತಾಳದಲ್ಲಿ, ಕಾಲು ಮತ್ತೊಂದರಲ್ಲಿ. ಆದರೂ ಒಂದೇ ಮೈ. ಇದನ್ನು ಈಗ ಡನ್‌ಹಮ್ ಪದ್ಧತಿ ಎಂದು ಕಲಿಸುತ್ತಾರೆ.

ಈ ಕೀರ್ತಿಯ ನಡುವೆ ಅವಮಾನಗಳೂ ಇದ್ದವು. ಅವರು ಯಾವುದನ್ನೂ ಸುಮ್ಮನೆ ನುಂಗಿಕೊಳ್ಳಲಿಲ್ಲ. 1944ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ರದರ್ಶನ ಮುಗಿಯಿತು. ಚಪ್ಪಾಳೆ ನಿಲ್ಲುತ್ತಿಲ್ಲ. ಆ ಮಂದಿರದಲ್ಲಿ ಕಪ್ಪು ಜನರಿಗೆ ಬಿಳಿಯರ ಪಕ್ಕ ಕೂರಲು ಅವಕಾಶ ಇರಲಿಲ್ಲ. ಡನ್‌ಹಮ್ ರಂಗದ ಮುಂದಕ್ಕೆ ಬಂದರು. ನಮ್ಮಂಥವರು ನಿಮ್ಮಂಥವರ ಪಕ್ಕ ಕೂರುವ ದಿನ ಬರುವವರೆಗೆ ಇಲ್ಲಿ ಮತ್ತೆ ಕುಣಿಯುವುದಿಲ್ಲ ಎಂದು ಸಭೆಗೆ ನೇರವಾಗಿ ಹೇಳಿದರು.

1950ರಲ್ಲಿ ಬ್ರೆಜಿಲ್. ಸಾವ್ ಪಾವ್ಲೊ ನಗರದ ದೊಡ್ಡ ಹೋಟೆಲೊಂದು ಬಣ್ಣದ ಕಾರಣಕ್ಕೆ ಅವರಿಗೆ ಕೋಣೆ ಕೊಡಲಿಲ್ಲ. ಡನ್‌ಹಮ್ ಅದನ್ನು ಬಹಿರಂಗ ಮಾಡಿದರು. ದೇಶದಲ್ಲೆಲ್ಲ ಗದ್ದಲ ಎದ್ದಿತು. ಮರುವರ್ಷ, 1951ರಲ್ಲಿ, ವರ್ಣಭೇದವನ್ನು ಶಿಕ್ಷಾರ್ಹ ಮಾಡುವ ಕಾನೂನು ಅಲ್ಲಿ ಬಂತು. ಅದನ್ನು ಮಂಡಿಸಿದ ಸಂಸದರ ಹೆಸರಿನಿಂದ ಅಫೋನ್ಸೊ ಅರಿನೋಸ್ ಕಾನೂನು ಎನ್ನುತ್ತಾರೆ.

ಅದೇ ಹೊತ್ತಿಗೆ ಚಿಲಿ ದೇಶದ ಸಾಂಟಿಯಾಗೊದಲ್ಲಿ 'ಸೌತ್‌ಲ್ಯಾಂಡ್' ಎಂಬ ನೃತ್ಯನಾಟಕ ಆಡಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಗುಂಪು ಕಪ್ಪು ಮನುಷ್ಯನನ್ನು ಹಿಡಿದು ಮರಕ್ಕೆ ನೇಣು ಹಾಕುತ್ತಿದ್ದರಲ್ಲ, ಅದೇ ಕಥೆ. ಸುಳ್ಳು ದೂರಿನ ಮೇಲೆ ಅಮಾಯಕನೊಬ್ಬ ಸಾಯುತ್ತಾನೆ. ಅಮೆರಿಕದ ರಾಯಭಾರ ಕಚೇರಿ ಸಿಟ್ಟಾಯಿತು. ಇದನ್ನು ಕೈಬಿಡಿ ಎಂಬ ಒತ್ತಡ ಬಂತು. ಮುಂದೆ ವಿದೇಶಕ್ಕೆ ಕಲಾವಿದರನ್ನು ಕಳಿಸುವ ಸರ್ಕಾರಿ ಯೋಜನೆಗಳ ನೆರವು ಅವರ ತಂಡಕ್ಕೆ ಸಿಗಲಿಲ್ಲ. ಸಾಲ ಬೆಳೆಯಿತು. 1953ರಲ್ಲಿ ಪ್ಯಾರಿಸ್‌ನಲ್ಲಿ ಅದೇ ನಾಟಕವನ್ನು ಮತ್ತೆ ಆಡಿದರು.

ಇದೆಲ್ಲ ಏಕೆ ಹೇಳಿದೆ? ಈಸ್ಟ್ ಸೇಂಟ್ ಲೂಯಿಸ್‌ಗೆ ಬಂದವರು ನಿವೃತ್ತಿ ಬಯಸಿ ಬಂದ ತಾರೆಯಾಗಿರಲಿಲ್ಲ ಎಂಬುದು ತಿಳಿಯಲಿ ಎಂದು. ಹೇಗೆ ಎದುರು ನಿಲ್ಲಬೇಕು ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

ಈಗ ಆ ಊರಿನ ಮಾತು.

ಈಸ್ಟ್ ಸೇಂಟ್ ಲೂಯಿಸ್ ರೈಲುಗಳ ಊರು, ಕಸಾಯಿಖಾನೆಗಳ ಊರು, ಲೋಹದ ಕಾರ್ಖಾನೆಗಳ ಊರು. ದಕ್ಷಿಣದ ಹೊಲಗಳಿಂದ ಕಪ್ಪು ಜನ ಕೂಲಿ ಅರಸಿ ಅಲ್ಲಿಗೆ ಬಂದರು. 1917ರ ಜುಲೈನಲ್ಲಿ ಬಿಳಿಯರ ಗುಂಪುಗಳು ಅವರ ಕೇರಿಗಳಿಗೆ ಬೆಂಕಿಯಿಟ್ಟವು. ಸರ್ಕಾರಿ ಲೆಕ್ಕದಲ್ಲಿ ಸತ್ತ ಕಪ್ಪು ಜನ ಸುಮಾರು 40. ಅದಕ್ಕಿಂತ ಬಹಳ ಹೆಚ್ಚು ಎಂಬುದು ಇತಿಹಾಸಕಾರರ ಮಾತು. ಮನೆ ಕಳೆದುಕೊಂಡವರು 6,000ದಷ್ಟು. ಸೇತುವೆ ದಾಟಿ ಓಡಿಬಂದವರನ್ನು ಆಚೆ ದಡದಲ್ಲಿ ನೋಡಿದ ಮಕ್ಕಳಲ್ಲಿ ಒಬ್ಬಳು, ಮುಂದೆ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ ನರ್ತಕಿ ಜೋಸೆಫಿನ್ ಬೇಕರ್.

ಆಮೇಲೆ ಊರು ಚೇತರಿಸಿಕೊಂಡಿತು. 1950ರ ದಶಕದಲ್ಲಿ ಜನಸಂಖ್ಯೆ 80,000 ದಾಟಿತ್ತು. ಸಂಗೀತಗಾರ ಮೈಲ್ಸ್ ಡೇವಿಸ್ ಬೆಳೆದದ್ದು ಇದೇ ಊರಲ್ಲಿ. ಆದರೆ ಕಸಾಯಿಖಾನೆಗಳು ಮುಚ್ಚಿದವು. ರೈಲ್ವೆ ಕೆಲಸ ಕರಗಿತು. ದೊಡ್ಡ ಕಾರ್ಖಾನೆಗಳು ಕೆಲವು ಊರಿನ ಅಂಚಿನಲ್ಲೇ ಇದ್ದವು, ಆದರೆ ತಮ್ಮದೇ ಪುಟ್ಟ ಪುಟ್ಟ ಪುರಸಭೆಗಳನ್ನು ಮಾಡಿಕೊಂಡಿದ್ದವು. ಹೊಗೆ ಈಸ್ಟ್ ಸೇಂಟ್ ಲೂಯಿಸ್‌ಗೆ, ತೆರಿಗೆ ಬೇರೆಯವರಿಗೆ. ಬಿಳಿಯರು ಊರು ಬಿಟ್ಟರು. ಕೆಲಸವಿಲ್ಲದ ಹುಡುಗರು ಬೀದಿಯಲ್ಲಿ ಉಳಿದರು. ಗುಂಪುಗಳಾದವು, ಗುಂಪುಗಳಲ್ಲಿ ಕೋವಿ ಬಂದವು.

ಡನ್‌ಹಮ್ ಈ ಭಾಗಕ್ಕೆ ಬಂದದ್ದು ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯದ ಮೂಲಕ. ಜಾನ್ ಪ್ರ್ಯಾಟ್ ಅವರ ಸಹೋದರ ಅಲ್ಲಿ ಅಧ್ಯಾಪಕರು. 1960ರ ದಶಕದ ನಡುವೆ ಡನ್‌ಹಮ್ ಅಲ್ಲಿ ಅತಿಥಿ ಕಲಾವಿದೆಯಾದರು. ನಡುವೆ ಆಫ್ರಿಕದ ಸೆನೆಗಲ್‌ಗೂ ಹೋಗಿದ್ದರು. ಅಲ್ಲಿನ ಡಾಕರ್ ನಗರದಲ್ಲಿ 1966ರಲ್ಲಿ ಕಪ್ಪು ಜನಾಂಗದ ಕಲೆಗಳ ಮೊದಲ ವಿಶ್ವ ಉತ್ಸವ ನಡೆಯಿತು. ದೇಶದ ರಾಷ್ಟ್ರೀಯ ಬ್ಯಾಲೆ ತಂಡಕ್ಕೆ ಅವರು ತರಬೇತಿ ಕೊಟ್ಟರು. ಅಲ್ಲಿಂದ ಮರಳಿ ಈಸ್ಟ್ ಸೇಂಟ್ ಲೂಯಿಸ್.

1967ರ ಬೇಸಿಗೆಯ ಒಂದು ರಾತ್ರಿ. ಡನ್‌ಹಮ್ ಊರಿನ ಯುವಕರ ಜೊತೆ ಕುಳಿತು ಮಾತಾಡಿ ಹೊರಗೆ ಬಂದಿದ್ದರು. ಅವರ ಕಣ್ಣೆದುರೇ ಪೊಲೀಸರು ಆ ಯುವಕರನ್ನು ಹಿಡಿದುಕೊಂಡು ಹೋದರು. ಡನ್‌ಹಮ್ ಠಾಣೆಗೆ ಹೋಗಿ ಕಾರಣ ಕೇಳಿದರು. ಮತ್ತೆ ಮತ್ತೆ ಕೇಳಿದರು. ಕೊನೆಗೆ ಅವರನ್ನೇ ಒಳಗೆ ಹಾಕಿದರು. ಅಶಿಸ್ತಿನ ವರ್ತನೆ ಎಂಬುದು ಆರೋಪ. ಲೋಕಪ್ರಸಿದ್ಧ ಕಲಾವಿದೆ ಲಾಕಪ್ಪಿನಲ್ಲಿ. ಕೆಲವು ಗಂಟೆಗಳ ಬಳಿಕ ಬಿಟ್ಟರು. ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದಕ್ಕಿಂತ ಬೇಗ ಬೀದಿಗಳಲ್ಲಿ ಹಬ್ಬಿತು. ಈ ಹೆಂಗಸು ನಮಗಾಗಿ ಜೈಲಿಗೆ ಹೋದರು ಎಂಬ ಮಾತು ಹುಡುಗರ ನಡುವೆ ಓಡಾಡಿತು. ವಿಶ್ವವಿದ್ಯಾಲಯದ ಯಾವ ಪತ್ರಕ್ಕೂ ಇಲ್ಲದ ಬೆಲೆ ಆ ರಾತ್ರಿಗೆ ಇತ್ತು.

ಅದೇ ವರ್ಷ ಡನ್‌ಹಮ್ ಅವರ ಪ್ರದರ್ಶನ ಕಲೆಗಳ ತರಬೇತಿ ಕೇಂದ್ರ ಶುರುವಾಯಿತು. ಹುಡುಗಿಯರು, ಮಕ್ಕಳು ಬಂದರು. ಬೀದಿಯ ಹುಡುಗರು? ಗುಂಪಿನ ಮುಖಂಡನಿಗೆ ಬಾ, ಕುಣಿತ ಕಲಿ ಎಂದರೆ ಬರುತ್ತಾನೆಯೇ? ಡನ್‌ಹಮ್ ಹಾಗೆ ಕರೆಯಲೇ ಇಲ್ಲ. ಡೋಲುಗಳನ್ನು ಇಟ್ಟರು. ಕರಾಟೆ, ಜೂಡೊ ಕಲಿಸುವವರನ್ನು ಕರೆಸಿದರು. ಹುಡುಗರು ಬಂದದ್ದು ಹೊಡೆಯುವುದನ್ನು ಕಲಿಯಲು. ಕರಾಟೆಯಲ್ಲಿ ಶಿಸ್ತು ಬೇಕು. ಡೋಲಿನಲ್ಲಿ ಪಕ್ಕದವನ ಪೆಟ್ಟು ಕೇಳಿಸಿಕೊಳ್ಳಬೇಕು. ನಿಧಾನವಾಗಿ ಕುಣಿತದ ಕೋಣೆಗೂ ಬಂದರು. ಮಾರ್ಟಿನಿಕ್‌ನ ಅಗ್ಯಾವನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಈ ಕಾರಣಕ್ಕೆ. ತಾಳದೊಳಗೆ ಬಂದ ಕಾದಾಟ ಕೊಲೆಗೆ ಹೋಗುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಅದನ್ನೇ ಪ್ರಯೋಗಕ್ಕೆ ಇಟ್ಟರು ಎಂದೇ ನಾನು ತಿಳಿಯುತ್ತೇನೆ.

ಡೋಲು ಕಲಿಸಲು ಸೆನೆಗಲ್‌ನಿಂದ ಮೋರ್ ತಿಯಾಮ್ ಎಂಬ ಕಲಾವಿದರನ್ನು ಕರೆತಂದರು. ನಮ್ಮ ಯುವ ಕೇಳುಗರಿಗೆ ಇಲ್ಲೊಂದು ಪರಿಚಯದ ಹೆಸರಿದೆ. ಈ ಮೋರ್ ತಿಯಾಮ್ ಅವರ ಮಗನೇ ಗಾಯಕ ಏಕಾನ್. ಹುಟ್ಟಿದ್ದು ನದಿಯ ಆಚೆ ದಡದ ಸೇಂಟ್ ಲೂಯಿಸ್‌ನಲ್ಲಿ. 'ರಾ ಒನ್' ಹಿಂದಿ ಸಿನಿಮಾದ 'ಛಮ್ಮಕ್ ಛಲ್ಲೊ' ಹಾಡಿದವರು ಅವರೇ. ಆ ಮನೆತನ ಅಮೆರಿಕಕ್ಕೆ ಬಂದ ದಾರಿಯಲ್ಲಿ ಡನ್‌ಹಮ್ ಕೈಯಿದೆ.

ಕವಿ ಯೂಜೀನ್ ರೆಡ್ಮಂಡ್ ಇದೇ ಊರಿನವರು. ಅವರೂ ಈ ಕೆಲಸದಲ್ಲಿ ಡನ್‌ಹಮ್ ಜೊತೆಗಿದ್ದರು. ನಾಟಕ, ಉಡುಪು ಹೊಲಿಯುವುದು, ಮರದ ಕೆತ್ತನೆ, ಆಫ್ರಿಕದ ಇತಿಹಾಸ ಹೀಗೆ ಪಾಠಗಳು ಬೆಳೆದವು. 1970ರಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳನ್ನು ಕಟ್ಟಿಕೊಂಡು ಡನ್‌ಹಮ್ ವಾಷಿಂಗ್ಟನ್‌ಗೆ ಹೋದರು. ಮಕ್ಕಳಿಗಾಗಿ ಶ್ವೇತಭವನ ಕರೆದ ಸಮ್ಮೇಳನದಲ್ಲಿ ಅವರನ್ನು ಕುಣಿಸಿದರು. ಊರಿನ ಗಡಿ ದಾಟಿರದ ಮಕ್ಕಳಿಗೆ ಅದೆಷ್ಟು ದೊಡ್ಡ ಪ್ರಯಾಣ, ಯೋಚಿಸಿ.

ಇಷ್ಟು ಕೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಊರು ಉದ್ಧಾರವಾಯಿತೇ?

ಇಲ್ಲ. ಇದನ್ನು ಮುಚ್ಚಿಡಬಾರದು. 1990ರ ಹೊತ್ತಿಗೆ ಜನಸಂಖ್ಯೆ ಅರ್ಧಕ್ಕೆ ಇಳಿಯಿತು, 40,000ದ ಆಸುಪಾಸಿಗೆ. ಕಸ ಎತ್ತಲೂ ಪುರಸಭೆಯಲ್ಲಿ ಹಣವಿಲ್ಲದ ವರ್ಷಗಳು ಬಂದವು. 2020ರ ಜನಗಣತಿಯಲ್ಲಿ ಅಲ್ಲಿ ಉಳಿದವರು 20,000ಕ್ಕೂ ಕಡಿಮೆ. ಮುಚ್ಚಿದ ಕಾರ್ಖಾನೆಯ ಜಾಗದಲ್ಲಿ ಕುಣಿತ ಕೂಲಿ ಕೊಡಲಾರದು. ಡನ್‌ಹಮ್ ಕೇಂದ್ರಕ್ಕೂ ಅನುದಾನ ಬರುತ್ತಿತ್ತು, ನಿಲ್ಲುತ್ತಿತ್ತು. ಅವರ ಸ್ವಂತ ಹಣದ ಕಷ್ಟವೂ ತೀರಲಿಲ್ಲ. ಆದರೆ ಊರಿನ ಲೆಕ್ಕ ಬೇರೆ, ಒಂದೊಂದು ಮಗುವಿನ ಲೆಕ್ಕ ಬೇರೆ. ಕೇಂದ್ರದಲ್ಲಿ ಕಲಿತವರು ಕಲಾವಿದರಾದರು, ಅಧ್ಯಾಪಕರಾದರು. ಡನ್‌ಹಮ್ ಪದ್ಧತಿಯನ್ನು ಮುಂದಿನವರಿಗೆ ಕಲಿಸಿದರು.

ಅವರು ಊರು ಬಿಡಲಿಲ್ಲ ಎಂಬುದೂ ಒಂದು ಕೆಲಸವೇ. 1983ರಲ್ಲಿ ಕೆನಡಿ ಕೇಂದ್ರದ ಗೌರವ ಬಂತು. ಅದು ಅಮೆರಿಕದಲ್ಲಿ ಕಲಾವಿದರಿಗೆ ಸಿಗುವ ದೊಡ್ಡ ಗೌರವಗಳಲ್ಲಿ ಒಂದು. ಅದನ್ನು ಪಡೆದು ಮರಳಿ ಬಂದದ್ದು ಇದೇ ಊರಿಗೆ. ವಾಸ ಟೆಂತ್ ಸ್ಟ್ರೀಟಿನ ಸಾದಾ ಇಟ್ಟಿಗೆ ಮನೆಯಲ್ಲಿ. ಹತ್ತಿರದ ಪೆನ್ಸಿಲ್ವೇನಿಯ ಅವೆನ್ಯೂನಲ್ಲಿ ಒಂದು ಹಳೆಯ ದೊಡ್ಡ ಮನೆ ಇತ್ತು. 1977ರಲ್ಲಿ ಅದು ಡನ್‌ಹಮ್ ವಸ್ತುಸಂಗ್ರಹಾಲಯವಾಯಿತು. ಪ್ರ್ಯಾಟ್ ರೂಪಿಸಿದ ಉಡುಪುಗಳು, ಹೈಟಿಯ ಡೋಲುಗಳು, ಆಫ್ರಿಕದ ಮುಖವಾಡಗಳು ಅಲ್ಲಿ ಸೇರಿದವು. ಜೀವಮಾನವೆಲ್ಲ ಕೂಡಿಟ್ಟದ್ದನ್ನು ಹಣವಂತ ನಗರದ ಸಂಗ್ರಹಾಲಯಕ್ಕೆ ಕೊಡದೆ ಈ ಬೀದಿಗೆ ತಂದಿಟ್ಟರು. ಪಕ್ಕದಲ್ಲೇ ಮಕ್ಕಳ ತರಗತಿಗಳು.

ಇನ್ನು ಒಂದೇ ಘಟನೆ ಹೇಳಬೇಕು. ರಂಗ, ಹೈಟಿ, ಈಸ್ಟ್ ಸೇಂಟ್ ಲೂಯಿಸ್ ಮೂರೂ ಅದರಲ್ಲಿ ಕೂಡುತ್ತವೆ.

1991ರ ಸೆಪ್ಟೆಂಬರ್‌ನಲ್ಲಿ ಹೈಟಿಯ ಸೇನೆ ಚುನಾಯಿತ ಅಧ್ಯಕ್ಷ ಅರಿಸ್ಟೀಡ್ ಅವರನ್ನು ಓಡಿಸಿತು. ಜನ ಪ್ರಾಣ ಉಳಿಸಿಕೊಳ್ಳಲು ಮುರುಕು ದೋಣಿಗಳಲ್ಲಿ ಅಮೆರಿಕದತ್ತ ಹೊರಟರು. ಅಮೆರಿಕದ ಕರಾವಳಿ ಪಡೆ ನಡುಸಮುದ್ರದಲ್ಲೇ ಅವರನ್ನು ಹಿಡಿದು ಹೈಟಿಗೆ ಮರಳಿ ಅಟ್ಟತೊಡಗಿತು. ಡನ್‌ಹಮ್ ಅವರಿಗೆ ಆಗ 82. ಮೊಣಕಾಲು ಹೋಗಿತ್ತು, ಗಾಲಿಕುರ್ಚಿ ಬೇಕಾಗಿತ್ತು. 1992ರ ಫೆಬ್ರವರಿಯ ಮೊದಲ ದಿನ ತಮ್ಮ ಮನೆಯಲ್ಲೇ ಉಪವಾಸ ಕುಳಿತರು. ಇವರನ್ನು ಅಟ್ಟಬೇಡಿ ಎಂಬುದು ಬೇಡಿಕೆ. ವೈದ್ಯರು ಬೇಡವೆಂದರು. ಹಾಸ್ಯ ಕಲಾವಿದ ಮತ್ತು ಹೋರಾಟಗಾರ ಡಿಕ್ ಗ್ರೆಗರಿ ಅವರೂ ಜೊತೆಗೆ ಉಪವಾಸಕ್ಕೆ ಸೇರಿದರು. ಕಪ್ಪು ಜನರ ಹಕ್ಕುಗಳ ಮುಂದಾಳು ಜೆಸ್ಸಿ ಜಾಕ್ಸನ್ ಬಂದು ಕಂಡರು. ಲೋಕದ ಕ್ಯಾಮೆರಾಗಳು ಟೆಂತ್ ಸ್ಟ್ರೀಟಿಗೆ ಬಂದವು. ದೇಶಭ್ರಷ್ಟರಾಗಿದ್ದ ಅರಿಸ್ಟೀಡ್ ಅವರೇ ಬಂದು, ನೀವು ಬದುಕಿರುವುದು ನಮಗೆ ಬೇಕು ಎಂದು ಕೇಳಿಕೊಂಡ ಮೇಲೆ ಉಪವಾಸ ಬಿಟ್ಟರು. ಅಷ್ಟರಲ್ಲಿ 47 ದಿನ ಆಗಿತ್ತು.

ನೀತಿ ಬದಲಾಗಲಿಲ್ಲ. ಆ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಹೈಟಿಯ ಜನ ಆ ಉಪವಾಸವನ್ನು ಮರೆಯಲಿಲ್ಲ. ಪೋರ್ಟ್ ಒ ಪ್ರಿನ್ಸ್ ನಗರದಲ್ಲಿ ಡನ್‌ಹಮ್ ಅವರ ತೋಟದ ಮನೆಯಿದ್ದ ಜಾಗ ಮುಂದೆ ಸಾರ್ವಜನಿಕ ಉದ್ಯಾನದ ಭಾಗವಾಯಿತು. ಅಲ್ಲಿನ ಸಸ್ಯೋದ್ಯಾನಕ್ಕೆ ಅವರ ಹೆಸರನ್ನೇ ಇಟ್ಟರು.

ಕೊನೆಯ ಕೆಲವು ವರ್ಷ ಚಿಕಿತ್ಸೆಗೆಂದು ಗೆಳೆಯರು ಅವರನ್ನು ನ್ಯೂಯಾರ್ಕಿಗೆ ಕರೆದೊಯ್ದರು. 2006ರ ಮೇ 21ರಂದು ಅಲ್ಲೇ ತೀರಿಕೊಂಡರು. 97 ತುಂಬಲು ಒಂದು ತಿಂಗಳು ಬಾಕಿಯಿತ್ತು.

ಕೇಳುಗರೇ, 'ಸ್ಟಾರ್ಮಿ ವೆದರ್' ಸಿನಿಮಾದ ತುಣುಕು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಕೆಲವೇ ನಿಮಿಷದ್ದು. ಅದರಲ್ಲಿ ಡನ್‌ಹಮ್ ತಮ್ಮ ತಂಡದ ಜೊತೆ ಕುಣಿಯುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ನೋಡಿ. ಆಮೇಲೆ ಅವರಿಗೆ ಈಸ್ಟ್ ಸೇಂಟ್ ಲೂಯಿಸ್‌ನ ಕಥೆಯನ್ನೂ ಹೇಳಿ.